ಬೀಗದ ಕೈ ಯಾರ ಹತ್ತಿರ ಇದೆ?

(ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಭಜನೆ ಆಯಿತು, ರಂಗೋಲಿ ಸ್ಪರ್ಧೆ ಆಯಿತು, ಮಕ್ಕಳ ನೃತ್ಯ ಆಯಿತು. ಊಟಕ್ಕೆ ಮೊದಲು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದೀರಿ. ಹಸಿದವರ ಮುಂದೆ ನಿಂತು ಹಗ್ಗ, ಟಾರ್ಚು, ಸ್ಟ್ರೆಚರ್ ಅಂತ ಮಾತಾಡುವುದು ಅಷ್ಟು ಸುಲಭವಲ್ಲ. ಆದರೆ ಮಳೆಗಾಲ ಹತ್ತಿರ ಬರುತ್ತಿದೆ. ಈ ಮಾತನ್ನು ಈಗಲೇ ಆಡಬೇಕು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ದೋಣಿ ನಡೆಸಲು ಬರುವುದಿಲ್ಲ, ಈಜಲೂ ಬರುವುದಿಲ್ಲ. ನನಗೆ ಗೊತ್ತಿರುವುದು ಲೆಕ್ಕ ಬರೆಯುವುದು. ಆ ಲೆಕ್ಕದಲ್ಲಿ ನಾನೇ ಮಾಡಿದ ಒಂದು ತಪ್ಪಿನ ಕಥೆಯಿಂದ ಶುರು ಮಾಡುತ್ತೇನೆ.

2005ರ ಜುಲೈ 26, ಮಂಗಳವಾರ. ಮುಂಬಯಿಯಲ್ಲಿ ಆಗ ಇದ್ದವರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಬಿತ್ತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಮಾತ್ರ. ಒಂದೇ ಊರು, ನಡುವೆ ಕೆಲವು ಸ್ಟೇಷನ್ನುಗಳು, ಒಂದು ಕಡೆ ಸಾಧಾರಣ ಮಳೆ, ಇನ್ನೊಂದು ಕಡೆ ಪ್ರಳಯ. ನಾನು ಇರುವುದು ಕುರ್ಲಾ ಕಡೆ, ಮಿಠಿ ನದಿಯಿಂದ ಹೆಚ್ಚು ದೂರವಿಲ್ಲದ ಒಂದು ಬಡಾವಣೆಯಲ್ಲಿ. ಆ ರಾತ್ರಿ ನಮ್ಮ ಕೆಳಮನೆಗಳಲ್ಲಿ ಎದೆಮಟ್ಟ ನೀರು. ಆಗ ದೇಶದಲ್ಲಿ ಎನ್‌ಡಿಆರ್‌ಎಫ್ ಎಂಬ ಪಡೆ ಇನ್ನೂ ಇರಲಿಲ್ಲ. ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಪಡೆ ಕಟ್ಟಿದ್ದು 2006ರಲ್ಲಿ. ಆ ರಾತ್ರಿ ನಮ್ಮನ್ನು ಎತ್ತಿ ಮೇಲಿನ ಮಹಡಿಗೆ ತಂದವರು ಪಕ್ಕದ ಚಾಳಿನ ಹುಡುಗರು. ಅವರ ಕೈಯಲ್ಲಿದ್ದದ್ದು ಲಾರಿಯ ಟ್ಯೂಬು, ಬಟ್ಟೆ ಒಣಗಿಸುವ ಹಗ್ಗ. ಮೂಲೆಯ ಹೋಟೆಲಿನ ನಮ್ಮ ಊರಿನ ಅಣ್ಣ ಗ್ಯಾಸು ಉರಿಯುವವರೆಗೂ ಚಹಾ ಕಳಿಸಿದರು.

ಮರುವರ್ಷ ನಮ್ಮ ಬಡಾವಣೆಯ ಮಹಿಳಾ ಮಂಡಳಿಯಲ್ಲಿ ಒಂದು ನಿರ್ಧಾರ ಮಾಡಿದೆವು. ಇನ್ನು ಮುಂದೆ ಟ್ಯೂಬು, ಬಟ್ಟೆ ಹಗ್ಗ ನಂಬಿ ಕೂರಬಾರದು. ಕನ್ನಡದವರು, ಮರಾಠಿಯವರು, ತುಳುವರು, ಗುಜರಾತಿಯವರು ಎಲ್ಲರೂ ಸೇರಿ ಮನೆಮನೆಗೆ ಹೋಗಿ ವಂತಿಗೆ ಎತ್ತಿದೆವು. ಗಾಯ ಹಸಿಯಾಗಿತ್ತಲ್ಲ, ಯಾರೂ ಇಲ್ಲ ಅನ್ನಲಿಲ್ಲ. ಗಾಳಿ ತುಂಬುವ ಒಂದು ರಬ್ಬರ್ ದೋಣಿ, ಹನ್ನೆರಡು ಲೈಫ್‌ಜಾಕೆಟ್, ಎರಡು ದಪ್ಪ ಹಗ್ಗ, ಎಂಟು ಟಾರ್ಚು, ಒಂದು ಸ್ಟ್ರೆಚರ್ ಕೊಂಡೆವು. ಹಾರ ಹಾಕಿ, ತೆಂಗಿನಕಾಯಿ ಒಡೆದು, ಫೋಟೋ ತೆಗೆಸಿಕೊಂಡು, ಸೊಸೈಟಿಯ ಕೆಳಗಿನ ಕೋಣೆಯಲ್ಲಿಟ್ಟು ಬೀಗ ಹಾಕಿದೆವು. ನಾನು ಖಜಾಂಚಿ. ಪ್ರತಿ ವರ್ಷ ಜಮಾಖರ್ಚಿನ ಪಟ್ಟಿಯಲ್ಲಿ ‘ರಕ್ಷಣಾ ಉಪಕರಣಗಳು’ ಎಂಬ ಸಾಲು ಬರೆದು ಸಹಿ ಹಾಕಿದೆ. ಹದಿಮೂರು ವರ್ಷ ಸಹಿ ಹಾಕಿದೆ. ಆ ಕೋಣೆಯ ಬಾಗಿಲು ಒಮ್ಮೆಯೂ ತೆರೆಸಿ ನೋಡಲಿಲ್ಲ.

2019ರ ಜುಲೈ ತಿಂಗಳ ಮೊದಲ ದಿನ ಮತ್ತೆ ಅಂಥದೇ ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಸಾಂತಾಕ್ರೂಜ್‌ನಲ್ಲಿ ಒಂದು ದಿನದ ಲೆಕ್ಕ 375 ಮಿ.ಮೀ. ದಾಟಿತ್ತು. ಮಿಠಿ ತುಂಬಿತು. ರಾತ್ರಿ ಒಂದು ಗಂಟೆಗೆ ನಮ್ಮ ಕೆಳಮನೆಗಳಿಗೆ ನೀರು ಬಂತು. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ, ಧಾರವಾಡ ಕಡೆಯವರು, ಪಾರ್ಶ್ವವಾಯು ಆಗಿ ಮಂಚ ಹಿಡಿದಿದ್ದರು. ಅವರನ್ನು ಮೇಲೆ ತರಬೇಕು. ಕೋಣೆಯ ಹತ್ತಿರ ಓಡಿದೆವು. ಬೀಗದ ಕೈ ಕಾರ್ಯದರ್ಶಿಯವರ ಹತ್ತಿರ. ಕಾರ್ಯದರ್ಶಿಯವರು ಮೊಮ್ಮಗಳ ನಾಮಕರಣಕ್ಕೆ ಉಡುಪಿಗೆ ಹೋಗಿದ್ದಾರೆ. ಕಲ್ಲಿನಿಂದ ಬೀಗ ಒಡೆದೆವು. ಒಳಗೆ ನೋಡಿದರೆ ದೋಣಿಯನ್ನು ಹೆಗ್ಗಣ ಕಡಿದಿತ್ತು. ಟಾರ್ಚಿನ ಒಳಗೆ ಸೆಲ್ಲು ಕರಗಿ ಹಸಿರು ಪುಡಿಯಾಗಿತ್ತು. ಲೈಫ್‌ಜಾಕೆಟ್‌ಗಳ ಪಟ್ಟಿ ಎಳೆದರೆ ಕೈಗೇ ಬರುತ್ತಿತ್ತು. ಸ್ಟ್ರೆಚರ್ ಯಾರೋ ಗಣಪತಿ ಮಂಟಪಕ್ಕೆ ಒಯ್ದವರು ವಾಪಸ್ ತಂದಿರಲಿಲ್ಲ.

ಕೊನೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಸೀರೆಯಿಂದ ಕಟ್ಟಿ, ನಾಲ್ಕು ಜನ ಎತ್ತಿದರು. ಕತ್ತಲು, ಮೆಟ್ಟಿಲ ಮೇಲೆ ಕೆಸರು. ಹಿಂದಿನ ಕಾಲು ಹಿಡಿದಿದ್ದ ಹುಡುಗ ಜಾರಿದ. ಕುರ್ಚಿ ಬಿಡಲಿಲ್ಲ, ತನ್ನ ಮಣಿಕಟ್ಟು ಮುರಿದುಕೊಂಡ. ಅಜ್ಜಿ ಉಳಿದರು. ಆ ಹುಡುಗನಿಗೆ ಇಪ್ಪತ್ತೆರಡು ವರ್ಷ, ಬೈಕಿನ ಮೇಲೆ ಪಾರ್ಸೆಲ್ ಹಂಚುವ ಕೆಲಸ. ಆರು ವಾರ ಕೈಗೆ ಪ್ಲಾಸ್ಟರ್, ಆರು ವಾರ ಸಂಬಳ ಇಲ್ಲ. ನಮ್ಮ ಮಂಡಳಿಯ ಖಾತೆಯಲ್ಲಿ ಅವನ ಎಕ್ಸ್‌ರೇಗೆ ಕೊಡುವಷ್ಟೂ ಹಣ ಇರಲಿಲ್ಲ. ಮತ್ತೆ ಮನೆಮನೆಗೆ ಹೋಗಿ ಎತ್ತಿ ಕೊಟ್ಟೆವು. ಅವನು “ಇರಲಿ ಬಿಡಿ ಆಂಟಿ” ಅಂದ. ಅವನ ತಾಯಿ ಏನೂ ಅನ್ನಲಿಲ್ಲ. ಆದರೆ ಮುಂದಿನ ವರ್ಷ ಹೊಸದಾಗಿ ತಂಡ ಕಟ್ಟುತ್ತೇವೆ ಅಂತ ನಾನು ಅವರ ಮನೆಗೆ ಹೋದಾಗ, ಬಾಗಿಲಲ್ಲೇ ನಿಂತು ಹೇಳಿದರು: “ನನ್ನ ಮಗನ ಹೆಸರು ಬರೀಬೇಡಿ ಅಕ್ಕಾ. ಅವನಿಗೆ ಏನಾದರೂ ಆದರೆ ನಿಮ್ಮ ಹತ್ತಿರ ಏನಿದೆ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಂತರದ ವರ್ಷಗಳಲ್ಲಿ ನಾವು ಮಾಡಿದ್ದೆಲ್ಲ ಆ ತಾಯಿಗೆ ಉತ್ತರ ಕೊಡುವ ಪ್ರಯತ್ನ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಯೋಜನೆ ಸಾಮಾನಿನಿಂದ ಶುರುವಾಗಬಾರದು, ಜನರಿಂದ ಶುರುವಾಗಬೇಕು. ನಾವು ಒಂದು ಪುಸ್ತಕ ಮಾಡಿದೆವು. ಯಾವ ಮನೆಯಲ್ಲಿ ನಡೆಯಲಾಗದವರು ಇದ್ದಾರೆ, ಯಾರಿಗೆ ಇನ್ಸುಲಿನ್ ಬೇಕು, ಯಾರಿಗೆ ಆಕ್ಸಿಜನ್ ಯಂತ್ರ ಇದೆ, ಯಾರು ಬಸುರಿ, ಯಾವ ಮನೆಯಲ್ಲಿ ಹಗಲು ಹೊತ್ತು ಮಕ್ಕಳು ಮಾತ್ರ ಇರುತ್ತಾರೆ. ಇದನ್ನು ಗಂಡಸರ ಸಮಿತಿ ಎಷ್ಟು ಸಭೆ ಮಾಡಿದರೂ ತಿಳಿಯಲಾರದು. ನಮಗೆ ಅರಿಶಿನ ಕುಂಕುಮಕ್ಕೆ ಹೋದರೆ ಅರ್ಧ, ತರಕಾರಿಯವನ ಗಾಡಿಯ ಹತ್ತಿರ ನಿಂತರೆ ಉಳಿದರ್ಧ ಗೊತ್ತಾಗುತ್ತದೆ. ಆದರೆ ಒಂದು ಎಚ್ಚರ. ಅದು ಮನೆಗಳ ಗುಟ್ಟು. ವಾಟ್ಸಾಪ್ ಗುಂಪಿನಲ್ಲಿ ಹಾಕುವಂಥದ್ದಲ್ಲ. ಪ್ರತಿ ಕಟ್ಟಡದ ಇಬ್ಬರ ಹತ್ತಿರ ಮಾತ್ರ ಇರಬೇಕು. ವರ್ಷಕ್ಕೆ ಎರಡು ಸಲ ತಿದ್ದಬೇಕು.

ಎರಡನೆಯದು, ನಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದನ್ನು ಬರೆದಿಡಬೇಕು. ನಾವು ಅಗ್ನಿಶಾಮಕ ದಳ ಅಲ್ಲ, ಎನ್‌ಡಿಆರ್‌ಎಫ್ ಅಲ್ಲ. ಅವರು ಬರುವವರೆಗಿನ ಮೊದಲ ಒಂದೆರಡು ಗಂಟೆ ನಮ್ಮದು. ಮೊದಲ ಕೆಲಸ ಕರೆ ಮಾಡುವುದು. 112 ಎಲ್ಲ ಕಡೆ ಇದೆ, ಮುಂಬಯಿ ಮಹಾನಗರಪಾಲಿಕೆಯ ವಿಪತ್ತು ಸಹಾಯವಾಣಿ 1916. ಎರಡನೆಯ ಕೆಲಸ ಮೀಟರ್ ಕೋಣೆಗೆ ನೀರು ತಲುಪುವ ಮೊದಲೇ ಕರೆಂಟು ತೆಗೆಸುವುದು. ಮೂರನೆಯದು ಕೆಳಮನೆಯವರನ್ನು ಮೇಲಕ್ಕೆ ತರುವುದು. ಇಷ್ಟೇ ನಮ್ಮ ಗಡಿ. ಹರಿಯುವ ನೀರಿಗೆ ಯಾರೂ ಇಳಿಯುವಂತಿಲ್ಲ. ತರಬೇತಿಯಲ್ಲಿ ಕಲಿಸಿದ ಕ್ರಮ ನನಗೆ ಬಾಯಿಪಾಠವಾಗಿದೆ: ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಆಗದಿದ್ದರೆ ದೋಣಿ; ನೀರಿಗೆ ಇಳಿಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಕಲಿತವರು ಮಾತ್ರ. ಮೊಣಕಾಲುದ್ದ ನೀರು ಅಂತ ಸಸಾರ ಮಾಡಬೇಡಿ. ಜೋರಾಗಿ ಹರಿಯುತ್ತಿದ್ದರೆ ಅದು ದೊಡ್ಡವರನ್ನೂ ಕೆಡವುತ್ತದೆ. 2017ರ ಆಗಸ್ಟ್ 29ರಂದು ಇದೇ ನಗರದಲ್ಲಿ ಹೆಸರಾಂತ ವೈದ್ಯರೊಬ್ಬರು ನೀರು ತುಂಬಿದ ರಸ್ತೆಯಲ್ಲಿ ನಡೆದು ಬರುವಾಗ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಅದಕ್ಕೇ ನಮ್ಮ ಸಾಮಾನಿನಲ್ಲಿ ಮೊದಲ ಹೆಸರು ಆರು ಅಡಿಯ ಬಿದಿರು ಕೋಲು. ಮುಂದೆ ಹೋಗುವವರು ನೆಲ ತಡವಿಕೊಂಡೇ ಹೆಜ್ಜೆ ಇಡಬೇಕು.

ದೋಣಿಯ ವಿಷಯ ಬಂತು, ಹೇಳಿಬಿಡುತ್ತೇನೆ. ನಾವು ಮತ್ತೆ ದೋಣಿ ಕೊಳ್ಳಲಿಲ್ಲ. 2019ರ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಕೃಷ್ಣೆಯ ಪ್ರವಾಹದಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹೆಂಗಸರು, ಮಕ್ಕಳೂ ಸೇರಿ ಹಲವರು ಸತ್ತರು. ಅದರಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಅದೇ ಕೃಷ್ಣೆ ಮುಂದೆ ನಮ್ಮ ಬೆಳಗಾವಿ, ಬಾಗಲಕೋಟೆಗೆ ಹೋಗುತ್ತಾಳೆ. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನರ ತವರು ಆ ದಂಡೆಯಲ್ಲೇ ಇದೆ. ಅವಳು ತುಂಬಿದಾಗ ಏನು ಮಾಡುತ್ತಾಳೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ದೋಣಿ ಇದ್ದರೆ ಸಾಲದು. ಅದನ್ನು ನಡೆಸುವವರು ಬೇಕು, ಮೈಮೇಲೆ ಲೈಫ್‌ಜಾಕೆಟ್ ಬೇಕು, “ಇನ್ನು ಸಾಕು, ಹತ್ತಬೇಡಿ” ಎಂದು ಗಟ್ಟಿಯಾಗಿ ಹೇಳುವ ಒಬ್ಬರು ಬೇಕು. ಆ ಮೂರೂ ನಮ್ಮ ಹತ್ತಿರ ಇರಲಿಲ್ಲ. ಆದ್ದರಿಂದ ದೋಣಿ ಬೇಡ ಅಂದೆವು. ಫೋಟೋದಲ್ಲಿ ಚೆನ್ನಾಗಿ ಕಾಣುವ ಸಾಮಾನು ಬೇರೆ, ರಾತ್ರಿ ಒಂದು ಗಂಟೆಗೆ ಕೆಲಸಕ್ಕೆ ಬರುವ ಸಾಮಾನು ಬೇರೆ.

ಹಾಗಾದರೆ ಏನು ಕೊಂಡೆವು? ಎಂಟು ಲೈಫ್‌ಜಾಕೆಟ್. ಅವು ಮೊದಲು ತಂಡದವರಿಗೆ, ಆಮೇಲೆ ಬೇರೆಯವರಿಗೆ. ತೇಲುವ ಹಗ್ಗ ಎರಡು. ಇಲ್ಲಿ ಒಂದು ವಿಷಯ ಕಲಿತೆ: ನೈಲಾನ್ ಹಗ್ಗ ಗಟ್ಟಿ, ಆದರೆ ನೀರಿನಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಆದರೆ ಬಿಸಿಲಿಗೆ ಬೇಗ ಲಡ್ಡಾಗುತ್ತದೆ. ಎಸೆಯುವುದಕ್ಕೆ ತೇಲುವುದೇ ಬೇಕು, ಅದನ್ನು ಚೀಲದಲ್ಲಿ ನೆರಳಿನಲ್ಲಿ ಇಡಬೇಕು. ಮಡಚುವ ಸ್ಟ್ರೆಚರ್ ಒಂದು, ಮೆಟ್ಟಿಲ ಮೇಲೆ ಕೂರಿಸಿ ಎತ್ತಿಕೊಂಡು ಹೋಗುವ ಬೆಲ್ಟಿನ ಕುರ್ಚಿ ಒಂದು. ತಲೆಗೆ ಕಟ್ಟುವ ಟಾರ್ಚು ಹತ್ತು. ಕೈ ಟಾರ್ಚು ಹಿಡಿದರೆ ಒಂದು ಕೈ ಅದಕ್ಕೇ ಹೋಗುತ್ತದೆ. ಸೀಟಿ, ಗಮ್‌ಬೂಟು, ದಪ್ಪ ಕೈಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೆಗಾಫೋನ್ ಒಂದು. ಇಷ್ಟೇ. ಒಂದು ಕಬ್ಬಿಣದ ಬೀರುವಿನಲ್ಲಿ ಹಿಡಿಯುತ್ತದೆ. ಆ ಬೀರು ಇರುವುದು ಮೊದಲ ಮಹಡಿಯಲ್ಲಿ. ನೆರೆಯ ಸಾಮಾನನ್ನು ಕೆಳಗಿನ ಕೋಣೆಯಲ್ಲಿ ಇಟ್ಟಿದ್ದ ನಮ್ಮ ಬುದ್ಧಿಗೆ ಏನು ಹೇಳುವುದು! ಬೀಗದ ಕೈ ಈಗ ಮೂರು: ವಾಚ್‌ಮನ್ ಹತ್ತಿರ ಒಂದು, ಯಾವಾಗಲೂ ಮನೆಯಲ್ಲಿರುವ ಇಬ್ಬರು ಹೆಂಗಸರ ಹತ್ತಿರ ಒಂದೊಂದು. ಊರಿಗೆ ಹೋಗುವಾಗ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟೇ ಹೋಗಬೇಕು.

ಮೂರನೆಯದು ಹಣ. ಇದು ನನ್ನ ಕ್ಷೇತ್ರ, ಸ್ವಲ್ಪ ಸಹಿಸಿಕೊಳ್ಳಿ.

ಅನಾಹುತ ಆದ ಮೇಲೆ ಎತ್ತುವ ಹಣ ಒಂದೇ ಸಲ ಬರುತ್ತದೆ, ಒಂದೇ ಸಲ ಖರ್ಚಾಗುತ್ತದೆ. ಹಗ್ಗ ಪ್ರತಿ ವರ್ಷ ಹಳತಾಗುತ್ತದೆ. ನಾವು 2006ರಲ್ಲಿ ಎತ್ತಿದ ಹಣವನ್ನೆಲ್ಲ ಸಾಮಾನಿಗೇ ಸುರಿದೆವು. ನಿರ್ವಹಣೆಗೆ ಒಂದು ರೂಪಾಯಿ ಇಡಲಿಲ್ಲ, ಮನುಷ್ಯರಿಗೆ ಒಂದು ರೂಪಾಯಿ ಇಡಲಿಲ್ಲ. ಈಗ ನಮ್ಮ ಪದ್ಧತಿ ಬೇರೆ. ನೂರು ರೂಪಾಯಿ ಬಂದರೆ ಐವತ್ತು ಕೊಳ್ಳಲು, ಮೂವತ್ತು ಸೆಲ್ಲು ಬದಲಿಸಲು, ಹಗ್ಗ, ಪಟ್ಟಿ, ಔಷಧ ಹೊಸದು ತರಲು, ಇಪ್ಪತ್ತು ತಂಡದವರ ವಿಮೆಗೆ, ತರಬೇತಿಗೆ. ಮನೆಗೆ ತಿಂಗಳಿಗೆ 20 ರೂಪಾಯಿ ವಂತಿಗೆ. ನಮ್ಮಲ್ಲಿ 120 ಮನೆ. ವರ್ಷಕ್ಕೆ 28,800 ರೂಪಾಯಿ. ಒಂದು ಕಟಿಂಗ್ ಚಹಾದ ಲೆಕ್ಕ. ಭಿಶಿ ನಡೆಸಿ ಅಭ್ಯಾಸ ಇರುವ ನಮಗೆ ತಿಂಗಳು ತಿಂಗಳು ಹಣ ಕೂಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಇದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಉಳಿಸಲು ಆರ್‌ಎನ್‌ಎಲ್‌ಐ ಎಂಬ ಸಂಸ್ಥೆ 1824ರಿಂದ ನಡೆಯುತ್ತಿದೆ. ಅದರ ದೋಣಿಗಳಲ್ಲಿ ಹೋಗುವವರು ಹೆಚ್ಚಿನವರು ಸ್ವಯಂಸೇವಕರು, ನಡೆಯುವುದು ಹೆಚ್ಚಾಗಿ ಜನರ ದೇಣಿಗೆಯಿಂದ. 1886ರ ಡಿಸೆಂಬರಿನಲ್ಲಿ ‘ಮೆಕ್ಸಿಕೊ’ ಎಂಬ ಹಡಗಿನವರನ್ನು ಕಾಪಾಡಲು ಹೋದ ಎರಡು ದೋಣಿಗಳ 27 ಜನ ಒಂದೇ ರಾತ್ರಿ ಸತ್ತರು. ಆ ತೀರದಲ್ಲಿದ್ದ ಚಾರ್ಲ್ಸ್ ಮಕಾರ ಎಂಬ ಗಿರಣಿ ಮಾಲಿಕರು ನೋಡಿದರೆ, ಸಂಸ್ಥೆಗೆ ಹಣ ಬರುತ್ತಿದ್ದದ್ದು ಬಹುಪಾಲು ಕೆಲವೇ ಶ್ರೀಮಂತರಿಂದ. 1891ರಲ್ಲಿ ಅವರು ಮ್ಯಾಂಚೆಸ್ಟರಿನ ಬೀದಿಯಲ್ಲಿ ದೋಣಿಗಳ ಮೆರವಣಿಗೆ ಮಾಡಿಸಿ ಸಾಮಾನ್ಯ ಜನರಿಂದ ಚಿಲ್ಲರೆ ಕಾಸು ಎತ್ತಿದರು. ಮಹಡಿಯ ಕಿಟಕಿಗಳಲ್ಲಿ, ಟ್ರಾಮಿನ ಮೇಲಂತಸ್ತಿನಲ್ಲಿ ಇದ್ದವರಿಗೂ ತಲುಪಲಿ ಅಂತ ಉದ್ದನೆಯ ಕೋಲಿಗೆ ಚೀಲ ಕಟ್ಟಿ ಮೇಲೆತ್ತಿದರಂತೆ. ಅವರ ಹೆಂಡತಿ ಮೇರಿಯನ್ ಮಕಾರ ಹೆಂಗಸರದೇ ಒಂದು ಕೂಟ ಕಟ್ಟಿ ಈ ಕೆಲಸ ಮುಂದುವರಿಸಿದರು. ಇದನ್ನು ಓದಿದಾಗ ನನಗೆ ನಮ್ಮ ಗಣೇಶೋತ್ಸವದ ವಂತಿಗೆಯ ಹುಂಡಿ ನೆನಪಾಯಿತು. ಹತ್ತು ಜನ ದೊಡ್ಡವರು ಕೊಡುವ ಲಕ್ಷಕ್ಕಿಂತ ನೂರು ಮನೆಯ ಇಪ್ಪತ್ತು ರೂಪಾಯಿ ಭದ್ರ. ಯಾಕೆಂದರೆ ಕೊಟ್ಟವರು ಕೇಳುತ್ತಾರೆ: “ಅಕ್ಕಾ, ಟಾರ್ಚಿಗೆ ಸೆಲ್ಲು ಹಾಕಿಸಿದಿರಾ?” ನನ್ನನ್ನು ಹದಿಮೂರು ವರ್ಷ ಯಾರೂ ಹಾಗೆ ಕೇಳಲಿಲ್ಲ.

ದೊಡ್ಡ ದೇಣಿಗೆ ಬೇಡ ಅಂತಲ್ಲ. ಕಂಪನಿಗಳ ಸಿಎಸ್‌ಆರ್ ಹಣವನ್ನು ವಿಪತ್ತು ನಿರ್ವಹಣೆಗೆ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ನೋಂದಣಿ ಇಲ್ಲದ ನಮ್ಮಂಥ ಮಂಡಳಿಗೆ ಅದು ಸಿಗುವುದಿಲ್ಲ. ಅದಕ್ಕೆ ನೋಂದಾಯಿತ ಸಂಸ್ಥೆ ಬೇಕು, ಆದಾಯ ತೆರಿಗೆಯವರ ಹತ್ತಿರ ನೋಂದಣಿ ಬೇಕು, 2021ರಿಂದ ಸಿಎಸ್‌ಆರ್-1 ಎಂಬ ಅರ್ಜಿಯೂ ಬೇಕು. ಇಲ್ಲಿ ಸಂಘ ನೆರವಾಗಬಹುದು. ಸಂಘದ ಹೆಸರಿನಲ್ಲಿ ಪ್ರತ್ಯೇಕ ಖಾತೆ ಇಟ್ಟು, ಬಡಾವಣೆಗಳ ತಂಡಗಳಿಗೆ ಅದರಿಂದ ಕೊಡಬಹುದು. ಕಂಪನಿಯವರು ಸಾಮಾನು ಕೊಡಲು ಮುಂದೆ ಬಂದರೆ ಒಂದು ಮಾತು ಕೇಳಿ: “ಮೂರು ವರ್ಷದ ನಿರ್ವಹಣೆಯನ್ನೂ ಸೇರಿಸಿ ಕೊಡುತ್ತೀರಾ?” ಇಲ್ಲ ಅಂದರೆ ಕಡಿಮೆ ಸಾಮಾನು ತೆಗೆದುಕೊಳ್ಳಿ. ಇನ್ನೊಂದು, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕೊಡುವವರಿಗೆ ಮೊದಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ನಾಲ್ಕನೆಯದು ತರಬೇತಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ‘ಆಪದಾ ಮಿತ್ರ’ ಎಂಬ ಯೋಜನೆ ತಂದಿತು. ಮೊದಲು 30 ಜಿಲ್ಲೆಗಳಲ್ಲಿ 6,000 ಸ್ವಯಂಸೇವಕರು, ಆಮೇಲೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಜನ ಎಂಬ ಗುರಿ. ಹನ್ನೆರಡು ದಿನದ ತರಬೇತಿ, ಒಂದು ಕಿಟ್, ವಿಮೆ. ನಿಮ್ಮ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಇಂಥ ತರಬೇತಿ ಯಾವಾಗ ಅಂತ ಕೇಳಿ, ಮಕ್ಕಳನ್ನು ಕಳಿಸಿ. ಹೆಣ್ಣುಮಕ್ಕಳನ್ನೂ ಕಳಿಸಿ. ಹಾಸಿಗೆ ಹಿಡಿದ ಅಜ್ಜಿಯನ್ನು, ಬಾಣಂತಿಯನ್ನು ಎತ್ತುವಾಗ ಒಬ್ಬಳು ಹೆಂಗಸು ಜೊತೆಗಿದ್ದರೆ ಅವರ ಅರ್ಧ ಭಯ ಹೋಗುತ್ತದೆ. ನಮ್ಮ ಸಹ್ಯಾದ್ರಿಯನ್ನೇ ನೋಡಿ. ಲೋಣಾವಳದ ಶಿವದುರ್ಗ ಮಿತ್ರದಂಥ ತಂಡಗಳವರು ಸಂಬಳಕ್ಕಲ್ಲ, ತಮ್ಮ ಕೆಲಸ ಬಿಟ್ಟು ಕಣಿವೆಗೆ ಇಳಿಯುತ್ತಾರೆ. 2023ರ ಜುಲೈಯಲ್ಲಿ ರಾಯಗಡದ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದಾಗ ಅಲ್ಲಿಗೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ, ಯಂತ್ರ ಬರುವಂತಿರಲಿಲ್ಲ. ಹತ್ತಿ ಹೋಗಬಲ್ಲವರು ಮಾತ್ರ ಹೋಗಿ ಕೈಯಿಂದ ಮಣ್ಣು ತೆಗೆಯಬೇಕಾಯಿತು. ಕಲಿತ ಸ್ಥಳೀಯರ ಬೆಲೆ ಅಂಥ ದಿನ ಗೊತ್ತಾಗುತ್ತದೆ.

ಐದನೆಯದು, ಪಂಚಾಂಗ. ನಾವು ಎರಡು ದಿನ ಗೊತ್ತು ಮಾಡಿದ್ದೇವೆ. ಮೃಗಶಿರ ಮಳೆ ಹುಟ್ಟುವ ಮೊದಲಿನ ಭಾನುವಾರ ಒಂದು ಅಭ್ಯಾಸ. ಕೆಳಗಿನ ಮನೆಯಿಂದ ಮೂರನೆಯ ಮಹಡಿಗೆ ಒಬ್ಬರನ್ನು ಕುರ್ಚಿಯಲ್ಲಿ ಎತ್ತಿ ತರಬೇಕು, ಗಡಿಯಾರ ಹಿಡಿದು. ಮೊದಲ ಸಲ ನಾನೇ ಕೂತೆ. ಮಕ್ಕಳು “ಅಜ್ಜಿ ಭಾರ” ಅಂತ ನಕ್ಕರು, ಅದೂ ಆಯಿತು. ಎರಡನೆಯ ದಿನ ಆಯುಧಪೂಜೆ. ಅವತ್ತು ಬೀರುವಿನ ಸಾಮಾನೆಲ್ಲ ಹೊರಗೆ ಬರುತ್ತದೆ. ಒರೆಸಿ, ಒಣಗಿಸಿ, ಎಣಿಸಿ, ಟಾರ್ಚಿನ ಸೆಲ್ಲು ಹೊರತೆಗೆದು, ಹಗ್ಗವನ್ನು ಅಡಿ ಅಡಿಯಾಗಿ ಕೈಯಲ್ಲಿ ಎಳೆದು ನೋಡಿ, ಆಮೇಲೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಸರಿ ಇಲ್ಲದ ಸಾಮಾನಿಗೆ ಪೂಜೆ ಇಲ್ಲ. ಖಜಾಂಚಿ ಅಲ್ಲೇ ನಿಂತು ಪಟ್ಟಿಗೆ ಸಹಿ ಹಾಕಬೇಕು. ಕಣ್ಣಾರೆ ನೋಡದೆ ಸಹಿ ಹಾಕುವಂತಿಲ್ಲ ಅಂತ ನಾನೇ ಠರಾವು ಬರೆಸಿದ್ದೇನೆ.

ಈಗ ಆ ತಾಯಿಯ ಮಾತಿಗೆ ಬರುತ್ತೇನೆ. ತಂಡದ ಹದಿನಾಲ್ಕು ಜನರಿಗೆ ಗುಂಪು ಅಪಘಾತ ವಿಮೆ ಮಾಡಿಸಿದ ವರ್ಷ, ಆ ಕಾಗದ ಹಿಡಿದುಕೊಂಡು ಅವರ ಮನೆಗೆ ಹೋದೆ. ಕಾಗದ ಓದಿದರು. “ಸಂಬಳ ಹೋದರೆ?” ಅಂದರು. ತುರ್ತು ನಿಧಿಯಿಂದ ಎರಡು ತಿಂಗಳವರೆಗೆ ಸ್ವಲ್ಪ ಕೊಡುತ್ತೇವೆ ಅಂತ ಬರೆದಿದ್ದ ಪುಟ ತೋರಿಸಿದೆ. ಅವರು ತಕ್ಷಣ ಹೂಂ ಅನ್ನಲಿಲ್ಲ. ಚಹಾ ಮಾಡಿಕೊಟ್ಟರು. ಎಂಟು ದಿನ ಬಿಟ್ಟು ಹುಡುಗನೇ ಬಂದು ಹೆಸರು ಬರೆಸಿದ. ಜೊತೆಗೆ ತಾಯಿಯ ಹೆಸರನ್ನೂ ಬರೆಸಿದ. ಈಗ ಮೂರು ಬೀಗದ ಕೈಗಳಲ್ಲಿ ಒಂದು ಅವರ ಹತ್ತಿರ ಇದೆ. ಆ ಅಜ್ಜಿ ಇದನ್ನು ನೋಡಲು ಇಲ್ಲ. 2019ರ ನಂತರ ಇನ್ನೆರಡು ವರ್ಷ ಇದ್ದರು. ಹೋದಾಗಲೆಲ್ಲ “ಆ ಹುಡುಗನ ಕೈ ಹ್ಯಾಂಗದ?” ಅಂತ ಕೇಳುತ್ತಿದ್ದರು.

ನಮ್ಮ ತಂಡ ಇನ್ನೂ ದೊಡ್ಡ ನೆರೆಯಲ್ಲಿ ಪರೀಕ್ಷೆಗೆ ಒಳಗಾಗಿಲ್ಲ. ಆಗದೇ ಇರಲಿ ಅಂತಲೇ ಬೇಡಿಕೊಳ್ಳುತ್ತೇನೆ. ಎರಡು ಸಲ ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಬಳಿ ನಿಂತು ಧೈರ್ಯ ಹೇಳಿದ್ದೇವೆ, ಒಮ್ಮೆ ಹೃದಯಾಘಾತವಾದ ಕಾಕಾ ಒಬ್ಬರನ್ನು ಅದೇ ಕುರ್ಚಿಯಲ್ಲಿ ಆಂಬುಲೆನ್ಸಿಗೆ ಇಳಿಸಿದ್ದೇವೆ. 28,800 ರೂಪಾಯಿಗೆ ನನಗೆ ಅಷ್ಟೇ ಸಾಕು.

ಊಟದ ಹಾಲಿನ ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಬಡಾವಣೆಯಲ್ಲಿ ಇಂಥದ್ದು ಶುರು ಮಾಡಬೇಕೆನ್ನುವವರು ಹೆಸರು ಬರೆಯಿರಿ. ನಮ್ಮ ಪಟ್ಟಿ, ಲೆಕ್ಕದ ನಮೂನೆ, ಠರಾವಿನ ಪ್ರತಿ ಕಳಿಸಿಕೊಡುತ್ತೇನೆ. ಈಗಾಗಲೇ ಸಾಮಾನು ಇರುವವರು ಇವತ್ತು ಮನೆಗೆ ಹೋದ ಮೇಲೆ ಒಂದೇ ಒಂದು ಕೆಲಸ ಮಾಡಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ, ಬಾಗಿಲು ತೆಗೆಸಿ, ಒಳಗೆ ನೋಡಿ.